ಫ್ಯಾಮಿಲಿ ಸೆಕ್ಷನ್ನಿನಲ್ಲಿ ಮೀನಿನ ಪಚಡಿ

ಒಂಟಿ ಹೆಂಗಸೊಬ್ಬಳು ಊಟಕ್ಕೆಂದು ಹೋಟೆಲಿಗೆ ಬಂದರೆ ಅವಳನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಗೆ ಹೈದರಾಬಾದಿನ ಹೋಟೆಲಿನವರಿಗೆ ಇಂದಿಗೂ ಉತ್ತರ ಹೊಳೆದಿಲ್ಲ. ಗಂಡಸು ಒಬ್ಬನೇ ಬಂದರೆ ಅವನು ಗಿರಾಕಿ. ಹೆಂಗಸು ಒಬ್ಬಳೇ ಬಂದರೆ ಅವಳು ಸಮಸ್ಯೆ. ನಾನು ಒಳಗೆ ಕಾಲಿಟ್ಟ ಕೂಡಲೇ ಬಾಗಿಲು ಹಿಡಿದವನು ನನ್ನ ಹೆಗಲ ಮೇಲಿಂದ ಹೊರಗೆ ಇಣುಕುತ್ತಾನೆ. ಯಜಮಾನರು ಸ್ಕೂಟರ್ ನಿಲ್ಲಿಸಿ ಬರುತ್ತಿರಬೇಕು ಎಂದುಕೊಂಡು ಬಾಗಿಲನ್ನು ಹಾಗೇ ಹಿಡಿದು ನಿಲ್ಲುತ್ತಾನೆ. ಪಾಪ, ಅವನ ಸಮಾಧಾನಕ್ಕೆ ನಾನೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಯಾರೂ ಬರುವುದಿಲ್ಲ. ಕೊನೆಗೆ "ಒಕ್ಕರೇನಾ ಮೇಡಂ?" ಎಂದು ಕೇಳಿ, ಒಬ್ಬಳೇ ಎಂದು ಖಾತ್ರಿ ಮಾಡಿಕೊಂಡು, 'ಫ್ಯಾಮಿಲಿ' ಎಂದು ಬರೆದ ಪರದೆಯ ಹಿಂದೆ ನಾಲ್ಕು ಕುರ್ಚಿಯ ಮೇಜಿಗೆ ಕೂರಿಸಿ, ಅಭ್ಯಾಸಬಲದಿಂದ ನಾಲ್ಕು ಲೋಟ ನೀರಿಟ್ಟು ಹೋಗುತ್ತಾನೆ. ಹೀಗೆ ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ನಾನೊಬ್ಬಳೇ ಒಂದು ಫ್ಯಾಮಿಲಿಯಾಗಿ ಊಟ ಮಾಡುತ್ತಿದ್ದೇನೆ. ನಾಲ್ಕೂ ಲೋಟದ ನೀರು ಕುಡಿದೇ ಏಳುತ್ತೇನೆ. ಬಿಟ್ಟರೆ ಉಳಿದ ಮೂವರು ಬರಲಿಲ್ಲ ಎನ್ನುವುದು ಎದ್ದು ಕಾಣುತ್ತದೆ.

ಇದನ್ನು ದೂರು ಎಂದು ತಿಳಿಯಬೇಡಿ. ನಾನು ದೂರು ಹೇಳುವ ಪೈಕಿಯವಳಲ್ಲ, ಬಿ.ಇ. ಓದಿದವಳು. ಈ ಮಾತಿಗೂ ಆ ಮಾತಿಗೂ ಏನು ಸಂಬಂಧ ಎಂದು ಕೇಳಿದರೆ, ನಾನು ಬಿ.ಇ. ಓದಿದ್ದು ಎಲ್ಲ ಮಾತಿಗೂ ಸಂಬಂಧಪಟ್ಟದ್ದೇ. ನಮ್ಮಪ್ಪ ರಾಯಚೂರಿನ ಕಡೆ ಕೃಷ್ಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ, ಮೀನು ಹಿಡಿಯುತ್ತಿದ್ದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲಿನ ಬಾಗಿಲು ದಾಟಿರಲಿಲ್ಲ. ಡಿಗ್ರಿಯ ಕಾಗದ ಕೈಗೆ ಬಂದಾಗ ಅಪ್ಪ ಒದ್ದೆ ಕೈ ಒರೆಸಿಕೊಂಡು ಅದನ್ನು ಹಿಡಿದು, "ಇದರಾಗ ನಿನ್ನ ಹೆಸರು ಎಲ್ಲೈತಿ ತೋರಸು" ಎಂದ. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, "ಇನ್ನುಳಿದದ್ದೆಲ್ಲಾ ಯಾರ ಹೆಸರು?" ಎಂದು ಕೇಳಿದ. ಕುಷಾಯಿಗೂಡದ ನನ್ನ ಮನೆಯ ಬಾಗಿಲಲ್ಲಿ 'ಗಂಗಮ್ಮ, ಬಿ.ಇ.' ಎಂಬ ಫಲಕವಿದೆ. ಹೆಸರಿಗಿಂತ ಬಿ.ಇ. ದಪ್ಪವಾಗಿದೆ. ಬರೆಯುವವನು ತಪ್ಪು ಮಾಡಿದನೆಂದು ಜನ ಭಾವಿಸುತ್ತಾರೆ. ಅಲ್ಲ, ಹಾಗೇ ಬರೆಸಿದ್ದು.

ಹತ್ತಿರದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ವಿಭಾಗದವಳು. ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕಿ ರಿಜೆಕ್ಟ್ ಎಂಬ ಮುದ್ರೆ ಒತ್ತುವುದು ಕಸುಬು. ಈ ಕಸುಬಿನವರಿಗೆ ಕಾರ್ಖಾನೆಯಲ್ಲಿ ಗೆಳೆಯರು ಇರುವುದಿಲ್ಲ. ತಮ್ಮಂದಿರ ಓದು, ತಂಗಿಯರ ಮದುವೆ ಎಂದು ಮುಗಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ಬಂದು, ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಹೋಗಿಬಿಟ್ಟಿತ್ತು. ಹೀಗಿರುವಾಗ ಪೆರು ದೇಶದ ಬಂದರೊಂದರಲ್ಲಿ ನಮ್ಮ ಯಂತ್ರಗಳನ್ನು ಕೂರಿಸಿ ಪರೀಕ್ಷೆ ಮಾಡಿಕೊಡಲು ಎರಡು ತಿಂಗಳ ಮಟ್ಟಿಗೆ ಒಬ್ಬರು ಹೋಗಬೇಕೆಂಬ ಆದೇಶ ಬಂತು. ನನಗಿಂತ ಹಿರಿಯರು ಐವರಿದ್ದರು. ಐವರೂ ವಿಚಾರಿಸಿದರು, ಅಲ್ಲಿ ಮೂರು ಹೊತ್ತೂ ಮೀನು ಎಂದು ತಿಳಿಯಿತು, ಐವರಿಗೂ ಒಂದೇ ವಾರದಲ್ಲಿ ಬೆನ್ನುನೋವು ಬಂತು. ಹಾಸ್ಟೆಲಿನಲ್ಲಿದ್ದಾಗ ನಾನು ಕೂತರೆ "ಮೀನಿನ ವಾಸನಿ" ಎಂದು ಹುಡುಗಿಯರು ತಟ್ಟೆ ಎತ್ತಿಕೊಂಡು ಆಚೆ ಹೋಗುತ್ತಿದ್ದರು. ಅದೇ ಮೀನು ನನ್ನನ್ನು ಎರಡು ಸಮುದ್ರ ದಾಟಿಸಿ ಲೀಮಾ ನಗರದಲ್ಲಿ ಇಳಿಸಿತು.

ಅಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ ರೋಸಾ ಎಂಬ ಒಂಟಿ ಮುದುಕಿ. ಆಕೆಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಮೊದಲೆರಡು ದಿನ ಇಂಗ್ಲಿಷಿನಲ್ಲಿ ಮಾತಾಡಿ ನೋಡಿದೆ. ಅರ್ಥವಾಗದಿದ್ದ ಮೇಲೆ ಯಾವ ಭಾಷೆಯಾದರೇನು, ವೃಥಾ ವ್ಯಾಕರಣದ ಶ್ರಮ ಏಕೆಂದು ಮೂರನೆಯ ದಿನದಿಂದ ಕನ್ನಡಕ್ಕೆ ಇಳಿದೆ. ಭಾನುವಾರ ಮಧ್ಯಾಹ್ನ ಆಕೆ ಸೆವಿಚೆ ಮಾಡುತ್ತಿದ್ದಳು. ಬೆಳಿಗ್ಗೆ ದೋಣಿಯಿಂದ ಇಳಿದ ಕಡಲ ಮೀನನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಅದರ ಮೇಲೆ ಲಿಂಬೆಹಣ್ಣು ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಹಾಕಿ ಕಲಸಿಡುವುದು. ಒಲೆಯ ಸುದ್ದಿಯೇ ಇಲ್ಲ. ಲಿಂಬೆರಸಕ್ಕೇ ಮೀನು ಬೆಳ್ಳಗೆ ಬೆಂದಂತಾಗುತ್ತದೆ. ಪಕ್ಕದಲ್ಲಿ ಬೇಯಿಸಿದ ಗೆಣಸು. ನಮ್ಮ ಕಡೆ ಸೌತೆಕಾಯಿಯನ್ನು ಹಸಿಯಾಗಿ ಕೊಚ್ಚಿ ಪಚಡಿ ಮಾಡುತ್ತೇವಲ್ಲ, ಅದೇ ರೀತಿ; ಸೌತೆಯ ಬದಲು ಮೀನು, ಅಷ್ಟೇ.

ಆ ಮೇಜಿಗೆ ಕೂತು ನಾನು ಮಾತಾಡಿದಷ್ಟು ಕನ್ನಡವನ್ನು ಹೈದರಾಬಾದಿನಲ್ಲಿ ಇಪ್ಪತ್ತು ವರ್ಷದಲ್ಲಿ ಮಾತಾಡಿಲ್ಲ. ಇಲ್ಲಿ ಕಾರ್ಖಾನೆಗೆ ತೆಲುಗು, ಆಟೋದವರಿಗೆ ಹಿಂದಿ, ಕಡತಕ್ಕೆ ಇಂಗ್ಲಿಷ್. ಕನ್ನಡವೇನಿದ್ದರೂ ಟೆಲಿಫೋನಿನಲ್ಲಿ, ಅದೂ ತಮ್ಮಂದಿರಿಗೆ ಏನಾದರೂ ಬೇಕಾದಾಗ. ರೋಸಾಳ ಮುಂದೆ ಹಾಸ್ಟೆಲಿನ ತಟ್ಟೆಯ ಕಥೆ ಹೇಳಿದೆ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಹೇಳಿದೆ (ಇದು ನಮ್ಮ ಮನೆಯವರಿಗೂ ಗೊತ್ತಿಲ್ಲ), ಅಪ್ಪ ತೀರಿಕೊಂಡ ದಿನ ನಾನು ಯಾವುದೋ ತಪಾಸಣೆಯಲ್ಲಿ ಇದ್ದುದನ್ನೂ ಹೇಳಿದೆ. ಆಕೆ ಗೆಣಸು ಸುಲಿಯುತ್ತ "ಸೀ, ಸೀ" ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಹೌದು ಎಂದರ್ಥವಂತೆ. ನಾನು ಹೇಳುತ್ತಿದ್ದುದು ಬಹುಪಾಲು ಕಹಿ. ಆಕೆ ಬಿಡದೆ ಸೀ, ಸೀ.

ವಾಪಸು ಬಂದ ಮೇಲೆ ಪ್ರತಿವರ್ಷ ಹೊಸವರ್ಷಕ್ಕೆ ಆಕೆಯಿಂದ ಒಂದು ಕಾರ್ಡು ಬರುತ್ತದೆ. ಆಕೆ ಹೇಳಿದ್ದನ್ನು, ಬೇರೆ ಮನೆಯಲ್ಲಿರುವ ಸೊಸೆ ಬಂದು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಮೊದಲ ವರ್ಷದ ಕಾರ್ಡಿನಲ್ಲಿ "ಅಲ್ಲಿ ನಿನಗೆ ಸೆವಿಚೆ ಸಿಗುತ್ತದೆಯೇ? ಭಾನುವಾರ ಯಾರ ಜೊತೆ ಊಟ ಮಾಡುತ್ತೀ?" ಎಂಬ ಎರಡು ಪ್ರಶ್ನೆಗಳಿದ್ದವು. ನಮ್ಮ ಊರೇನು ಕಡಿಮೆಯೇ ಎಂಬ ಅಭಿಮಾನ ಕೆರಳಿ, "ಹೈದರಾಬಾದಿನಲ್ಲಿ ಸಿಗದ್ದು ಯಾವುದೂ ಇಲ್ಲ, ಪ್ರತಿ ಭಾನುವಾರ ಗೆಳತಿಯೊಬ್ಬಳ ಜೊತೆ ತಿನ್ನುತ್ತೇನೆ" ಎಂದು ಬರೆದು ಹಾಕಿದೆ. ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಮೂರು ವರ್ಷ ಆ ಸುಳ್ಳಿಗೆ ಏನೂ ಆಗಲಿಲ್ಲ. ನಾಲ್ಕನೆಯ ಕಾರ್ಡಿನಲ್ಲಿ ಬಂತು: "ನನ್ನ ಕಣ್ಣು ಮಂಜಾಗುತ್ತಿದೆ. ಇನ್ನೂ ಕಾಣುತ್ತಿರುವಾಗಲೇ ನೀನೂ ನಿನ್ನ ಗೆಳತಿಯೂ ಸೆವಿಚೆ ತಿನ್ನುವ ಫೋಟೋ ಒಂದು ಕಳಿಸು."

ಇನ್ನೊಬ್ಬರ ಸುಳ್ಳು ಪ್ರಮಾಣಪತ್ರಗಳನ್ನು ಪತ್ತೆಹಚ್ಚಿ ಬದುಕುವವಳು ನಾನು. ನನ್ನದನ್ನು ನಿಜ ಮಾಡುವುದೊಂದೇ ದಾರಿ. ಮುಂದಿನ ಹೊಸವರ್ಷದೊಳಗೆ ಒಂದು ತಟ್ಟೆ ಸೆವಿಚೆಯನ್ನೂ ಒಬ್ಬ ಗೆಳತಿಯನ್ನೂ ಹುಡುಕಬೇಕಾಯಿತು. ಎರಡರಲ್ಲಿ ಸುಲಭವಾದದ್ದು ಸೆವಿಚೆ ಎಂದುಕೊಂಡು ಅದರಿಂದ ಶುರುಮಾಡಿದೆ.

ಬೇಗಂಪೇಟೆಯ ದೊಡ್ಡ ಹೋಟೆಲೊಂದರ ಪಟ್ಟಿಯಲ್ಲಿ ಆ ಹೆಸರು ಇದೆ ಎಂದು ಪೇಪರಿನಲ್ಲಿ ನೋಡಿ, ಒಳ್ಳೆಯ ಸೀರೆ ಉಟ್ಟು ಹೋದೆ. ಬಂದದ್ದು ಉದ್ದ ಕಾಲಿನ ಗಾಜಿನ ಲೋಟ. ಅದರಲ್ಲಿ ರಬ್ಬರಿನಂಥ ಮೀನು, ಮೇಲೆ ಬಿಳಿ ಕೆನೆ, ತುದಿಯಲ್ಲಿ ಒಂದು ಚೆರ್ರಿ. ಒಂದು ತುಂಡು ಬಾಯಿಗಿಟ್ಟವಳೇ ಅಡಿಗೆಯವರನ್ನು ಕರೆಸಿದೆ. ಎತ್ತರದ ಟೋಪಿಯವನು ಬಂದು ತಗ್ಗಿದ ದನಿಯಲ್ಲಿ, "ಸೇಫ್ಟೀ ಕೇ ಲಿಯೇ ಮೇಡಂ, ಏಕ್ ಬಾರ್ ಉಬಾಲ್ ದಿಯಾ" ಎಂದ. ಕುದಿಸಿದ್ದಾನೆ! ಜನ ಸಾಯದಿರಲಿ ಎಂದು ಅಡಿಗೆಯನ್ನೇ ಸಾಯಿಸಿದ್ದ. ನನ್ನ ಬಲಗೈ ತಾನಾಗಿಯೇ ಮುದ್ರೆ ಒತ್ತುವ ಭಂಗಿಗೆ ಬಂತು.

ಆಮೇಲೆ ಆರು ತಿಂಗಳಲ್ಲಿ ಎಷ್ಟು ಪರದೆಗಳ ಹಿಂದೆ ಕೂತೆನೋ, ಎಷ್ಟು ಲೋಟ ನೀರು ಕುಡಿದೆನೋ ಲೆಕ್ಕವಿಲ್ಲ. ಒಂದು ಕಡೆ ಸೆವಿಚೆ ಎಂದರೆ ಸೇವಯ್ಯಾ ಎಂದು ತಿಳಿದು ಶ್ಯಾವಿಗೆ ಪಾಯಸ ತಂದಿಟ್ಟರು. ದ್ರಾಕ್ಷಿ ಗೋಡಂಬಿ ಹಾಕಿದ್ದರು, ಚೆನ್ನಾಗಿತ್ತು. ತಿಂದು ಬಂದೆ.

ಹಾಗೆಂದು ಒಳ್ಳೆಯ ಸೆವಿಚೆ ಸಿಗಲೇ ಇಲ್ಲ ಎಂದರೆ ಈ ಊರಿಗೆ ಅನ್ಯಾಯವಾಗುತ್ತದೆ. ಸಿಕ್ಕಿತು. ಬಂಜಾರಾ ಹಿಲ್ಸಿನ ಒಂದು ಹೋಟೆಲಿನಲ್ಲಿ ಹತ್ತು ದಿನದ ಮಟ್ಟಿಗೆ ಪೆರು ಕಡೆಯ ಅಡಿಗೆಯವರೇ ಬಂದಿದ್ದರು. ಅಲ್ಲಿ ಪರದೆ ಇರಲಿಲ್ಲ. ಇಬ್ಬರ ಮೇಜು, ಎದುರಿನ ಕುರ್ಚಿಯ ಮುಂದೆ ಹಂಸದಂತೆ ಮಡಿಸಿದ ಕರವಸ್ತ್ರ. ತಟ್ಟೆ ಬಂತು. ಅದೇ ಬಿಳುಪು, ಅದೇ ಉಳ್ಳಾಗಡ್ಡಿ, ಪಕ್ಕದಲ್ಲಿ ಗೆಣಸು ಕೂಡ. ಒಂದು ತುಂಡು ಬಾಯಲ್ಲಿಟ್ಟೆ. ಹುಳಿ, ಖಾರ, ಉಪ್ಪು, ಯಾವುದರಲ್ಲೂ ಹುಳುಕು ಇಲ್ಲ. ನನಗರಿವಿಲ್ಲದೆ "ಭಾಳ ಚಲೋ ಆಗೇತಿ" ಎಂದು ಜೋರಾಗಿ ಹೇಳಿಬಿಟ್ಟೆ. "ಎಸ್ ಮೇಡಂ?" ಎಂದು ಮಾಣಿ ಓಡಿ ಬಂದ. ಏನಿಲ್ಲ ಎಂದೆ. ಅವನು ಹೋದ. ಮತ್ತೆ ಹಂಸವೂ ನಾನೂ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯಿಂದ ಎಂದು ಬರೆಯಲು ಅನುಕೂಲವಿದೆ, ಹಾಗೇ ಇರಲಿ.

ಮಾಣಿಯನ್ನು ಮತ್ತೆ ಕರೆದು, ಕ್ಯಾಮೆರಾ ಕೊಟ್ಟು ಒಂದು ಫೋಟೋ ತೆಗೆಯಪ್ಪ ಎಂದೆ. ಅವನು ಕಣ್ಣಿಗೆ ಹಿಡಿದು, ಇಳಿಸಿ, ಬಹಳ ಮರ್ಯಾದೆಯಿಂದ, "ಎದುರಿನವರು ಬಂದ ಮೇಲೆ ತೆಗೆಯಲೇ ಮೇಡಂ?" ಎಂದು ಕೇಳಿದ. ಅವರು ಬರುವುದು ಸ್ವಲ್ಪ ತಡವಾಗುತ್ತದೆ ಎಂದೆ. ಆ ಫೋಟೋ ನನ್ನ ಬಳಿ ಇದೆ. ಒಬ್ಬ ಹೆಂಗಸು, ಒಂದು ತಟ್ಟೆ, ಒಂದು ಹಂಸ. ಎರಡು ಪರೀಕ್ಷೆಯಲ್ಲಿ ಒಂದು ಪಾಸು. ನಮ್ಮ ವಿಭಾಗದಲ್ಲಿ ಅರ್ಧ ಪಾಸು ಎಂಬುದು ಇಲ್ಲ. ಮುಂದಿನ ವಾರ ಆ ಅಡಿಗೆಯವರೂ ವಿಮಾನ ಹತ್ತಿ ಹೋದರು.

ಆಮೇಲಿನ ಒಂದು ಶನಿವಾರ. ಅಮೀರ್‌ಪೇಟೆಯಲ್ಲಿ ಏನೋ ಕೆಲಸ ಮುಗಿಸಿದಾಗ ಮಧ್ಯಾಹ್ನ ಮೀರಿತ್ತು. ಕಂಪ್ಯೂಟರ್ ಕಲಿಸುವ ಬೋರ್ಡುಗಳ ಸಂದಿಯಲ್ಲಿದ್ದ ಆಂಧ್ರ ಊಟದ ಹೋಟೆಲಿಗೆ ನುಗ್ಗಿದೆ. ಪರದೆ, ನಾಲ್ಕು ಕುರ್ಚಿ, ನಾಲ್ಕು ಲೋಟ. ಕಾಕಿನಾಡದ ಕಡೆಯ ಅಡಿಗೆಯವನು ತಾನೇ ಹೊರಗೆ ಬಂದು ಏನು ಬೇಕೆಂದ. ಕಡಲ ಊರಿನವನು, ಇವನಿಗೆ ಅರ್ಥವಾದೀತು ಎಂದು ಆಸೆಯಾಗಿ ಹೇಳಿದೆ: ಮೀನಿನ ಪಚಡಿ ಬೇಕು.

ಇಪ್ಪತ್ತು ವರ್ಷ ಇಲ್ಲಿದ್ದವಳಿಗೆ ತೆಲುಗಿನ ಪಚ್ಚಡಿ ಬೇರೆ, ನಮ್ಮ ಪಚಡಿ ಬೇರೆ ಎಂದು ತಿಳಿಯದೇ? ತಿಳಿದಿತ್ತು. ನಮ್ಮಲ್ಲಿ ಅದು ಹಸಿಯದು, ಅವರಲ್ಲಿ ಅದು ಚಟ್ನಿ, ಉಪ್ಪಿನಕಾಯಿ. ಆದರೆ ಹಸಿದಾಗ ನಾಲಗೆ ತವರಿಗೆ ಓಡುತ್ತದೆ. ಅವನ ಮುಖ ಅರಳಿತು. ಒಳಗೆ ಹೋಗಿ ಎಣ್ಣೆ ತೇಲುವ ಕೆಂಪು ಜಾಡಿಯನ್ನೇ ಹೊತ್ತು ತಂದ. "ಮಾ ಅಮ್ಮ ಚೇಸಿಂದಿ" ಎಂದ, ಅವರಮ್ಮ ಹಾಕಿದ ಮೀನಿನ ಉಪ್ಪಿನಕಾಯಿ. ಇದಲ್ಲಪ್ಪ, ಬೇಯಿಸಬಾರದು, ಹುರಿಯಬಾರದು, ಹಸಿ ಮೀನು ಎಂದೆ. ಅವನು ಜಾಡಿಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಪಚ್ಚಿ ಚೇಪನಾ?" ಎಂದ. ಸ್ವಲ್ಪ ಯೋಚಿಸಿದ. ಮುಖ ಮೆತ್ತಗಾಯಿತು. "ಪಿಲ್ಲಿಕಾ ಅಮ್ಮಾ?"

ಬೆಕ್ಕಿಗಾ ಎಂದು ಕೇಳುತ್ತಿದ್ದಾನೆ! ಒಂಟಿ ಹೆಂಗಸು, ಹಸಿ ಮೀನು. ಮನೆಯಲ್ಲಿ ಬೆಕ್ಕು ಸಾಕಿಕೊಂಡಿರಬೇಕು ಎಂದು ಅವನ ಎಣಿಕೆ. ಆರು ತಿಂಗಳ ಸೋಲೆಲ್ಲ ನೆತ್ತಿಗೇರಿ, ನಾನು ಅಪ್ಪಟ ನದಿದಂಡೆಯ ದನಿಯಲ್ಲಿ ಕೂಗಿದೆ: "ಬೆಕ್ಕಿಗಲ್ಲೋ ನಿನ್ನ ಬಾಯಾಗ ಮಣ್ಣ ಹಾಕ, ನನಗ! ನಾ ತಿನ್ನಾಕ!"

ಪಕ್ಕದ ಪರದೆಯ ಹಿಂದೆ ಯಾರೋ ನಕ್ಕು, ನಗುವಾಗ ಏನೋ ಗಂಟಲಿಗೆ ಸಿಕ್ಕಿ, ಕೆಮ್ಮಿ, ಮತ್ತೆ ನಕ್ಕರು. "ಅಯ್ಯೋ ರಾಮ! ಯಾರ್ರೀ ಅವರು, ಕನ್ನಡದಾಗ ಬೈಲಿಕ್ಕತ್ತಾರ? ಪಚಡಿ ಅಂದ್ರ ಅವಂಗೇನ್ರೀ ತಿಳೀಬೇಕು, ಪಾಪ!"

ಪರದೆ ಸರಿಯಿತು. ಕೈಯಲ್ಲಿ ಉಳ್ಳಾಗಡ್ಡಿ ಪಕೋಡ ಹಿಡಿದು ನಿಂತಿದ್ದವರು ನಮ್ಮ ಕಾರ್ಖಾನೆಯ ಸಿಬ್ಬಂದಿ ವಿಭಾಗದ ವಿಮಲಾಬಾಯಿ. ಹನ್ನೊಂದು ವರ್ಷದಿಂದ ಕಾರ್ಖಾನೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನವರು. ದಿನವೂ ಅವರು "ಬಾಗುನ್ನಾರಾ?" ಎನ್ನುತ್ತಿದ್ದರು, ನಾನು "ಬಾಗುನ್ನಾನಂಡಿ" ಎನ್ನುತ್ತಿದ್ದೆ, ಬಿಸಿಲಿನ ಬಗ್ಗೆ ತೆಲುಗಿನಲ್ಲಿ ಒಂದು ಮಾತು, ಆಮೇಲೆ ಇಬ್ಬರೂ ಕಿಟಕಿ ನೋಡುತ್ತಿದ್ದೆವು. ಹನ್ನೊಂದು ವರ್ಷದ ಪರಿಚಯದ ಒಟ್ಟು ಬಂಡವಾಳ ಇಷ್ಟು. ಬಾಯಿ ಎಂಬುದನ್ನು ಕೇಳಿ ಅವರನ್ನು ನಾನು ಮರಾಠಿಯವರೆಂದುಕೊಂಡಿದ್ದೆ. ಗಂಗಮ್ಮ ಎಂಬುದನ್ನು ಕೇಳಿ ಅವರು ನನ್ನನ್ನು ತೆಲುಗಿನವಳೆಂದುಕೊಂಡಿದ್ದರು.

"ನೀವು ನಮ್ಮವರಾ?" ಎಂದೆ.

"ಖರೇ ಅಂದ್ರ ನಾವು ಮೂರು ತಲಿಯಿಂದ ಇಲ್ಲೇ ಇದ್ದೇವ್ರೀ. ನಮ್ಮಜ್ಜ ನಿಜಾಮನ ಕಚೇರಿಯೊಳಗ ಇದ್ದರು. ಅಲ್ರೀ, ನನಗ ಮಾಲೂಮೇ ಇರಲಿಲ್ಲ ನೋಡ್ರಿ! ಹನ್ನೊಂದು ವರ್ಷ ಎಂಡಲು, ಎಂಡಲು ಅಂತ ಬಿಸಲಿನ ಬಗ್ಗೇನ ಮಾತಾಡಿ ಹೈರಾಣಾದೆ!"

"ನೀವು ಇಲ್ಲಿ, ಒಬ್ರ?"

ವಿಮಲಾಬಾಯಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಅತ್ತಿಯವರು ಮನಿಯೊಳಗ ಉಳ್ಳಾಗಡ್ಡಿ ಬಳ್ಳೊಳ್ಳಿ ಬರಗೊಡೂದಿಲ್ರೀ. ಮಡಿ ಅಂದ್ರ ಮಡಿ. ಇಪ್ಪತ್ತಾರು ವರ್ಷ ಆತು. ತಿಂಗಳಿಗೊಮ್ಮೆ ಗ್ರಂಥಾಲಯಕ್ಕ ಹೋಗತೀನಿ ಅಂತ ಹೇಳಿ ಇಲ್ಲಿ ಬಂದು ಪರದಾ ಎಳಕೊಂಡು ಕೂಡತೀನಿ. ಬಸ್ಸಿನ್ಯಾಗ ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ."

ಅಂದರೆ ಪಕ್ಕದ ಪರದೆಯ ಹಿಂದೆಯೂ ಒಂದು ಒಬ್ಬಳ ಫ್ಯಾಮಿಲಿ ಇತ್ತು. ತಮ್ಮ ಪಕೋಡದ ತಟ್ಟೆ ಎತ್ತಿಕೊಂಡು ನನ್ನ ಮೇಜಿಗೇ ಬಂದು ಕೂತರು. ತಟ್ಟೆ ಎತ್ತಿಕೊಂಡು ನನ್ನಿಂದ ಆಚೆ ಹೋದವರನ್ನು ಕಂಡಿದ್ದೆ. ಎತ್ತಿಕೊಂಡು ಈಚೆ ಬಂದವರನ್ನು ಅವತ್ತೇ ನೋಡಿದ್ದು. ಎರಡನೆಯ ಲೋಟದ ನೀರನ್ನು ಅವರೇ ಕುಡಿದರು. ಏಳುವಾಗ ಅಡಿಗೆಯವನು ಬಾಳೆಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟ. ಮೀನಿನ ತಲೆಗಳು. ನಾನು ನಾಚಿ ಸುಳ್ಳು ಹೇಳುತ್ತಿದ್ದೇನೆ ಎಂದೇ ಅವನ ನಂಬಿಕೆ. ನಮ್ಮ ಬೀದಿಯ ಬೆಕ್ಕುಗಳು ಇಂದಿಗೂ ನನ್ನನ್ನು ಮರೆತಿಲ್ಲ.

ಸೆವಿಚೆಯ ಕಥೆ, ರೋಸಾಳ ಕಥೆ, ಫೋಟೋದ ಕಥೆ ಎಲ್ಲವನ್ನೂ ಮುಂದಿನ ವಾರ ಬಸ್ಸಿನಲ್ಲಿ ಹೇಳಿದೆ. "ಬರತೀನ್ರೀ ಫೋಟೋಕ್ಕ. ಮೀನು ನಿಮಗ, ಉಳ್ಳಾಗಡ್ಡಿ ನನಗ. ಆದರ ಆ ಫೋಟೋ ನಮ್ಮತ್ತಿ ಕಣ್ಣಿಗೆ ಬೀಳಬಾರದು" ಎಂದರು. ಪೆರು ಭಾಳ ದೂರ ಐತ್ರಿ ಎಂದು ಧೈರ್ಯ ಕೊಟ್ಟೆ. ಒಂದು ಭಾನುವಾರ ಅವರ ಗ್ರಂಥಾಲಯ ಕುಷಾಯಿಗೂಡಕ್ಕೆ ವರ್ಗವಾಯಿತು. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಮೀನಿನ ಕಿವಿರು ಎತ್ತಿ ನೋಡಿದೆ. ಕಡಲು ಬಿಟ್ಟು ಎರಡು ದಿನವಾಗಿತ್ತು. ಹರಿಗೋಲಿನವನ ಮಗಳು ಅದನ್ನು ಹಸಿಯಾಗಿ ತಿನ್ನುವಳೇ? ರಿಜೆಕ್ಟ್. ಬರಿಗೈಲಿ ಮನೆಗೆ ಬಂದರೆ ಬಾಗಿಲ ಮುಂದೆ ವಿಮಲಾಬಾಯಿ ಡಬ್ಬಿ ಹಿಡಿದು ನಿಂತಿದ್ದರು: ಸೌತೆಕಾಯಿ ಪಚಡಿ, ಲಿಂಬೆರಸ ಹಿಂಡಿದ್ದು. ಅದಕ್ಕೆ ನಮ್ಮ ಮನೆಯ ಉಳ್ಳಾಗಡ್ಡಿಯನ್ನು ತಾವೇ ಕಣ್ಣೀರು ಸುರಿಸುತ್ತ, ಹಬ್ಬದ ಮುಖ ಮಾಡಿಕೊಂಡು ಹೆಚ್ಚಿ ಬೆರೆಸಿದರು. ಎರಡು ತಟ್ಟೆ ಹಾಕಿ, ಕಪಾಟಿನ ಮೇಲೆ ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ ಓಡಿ ಬಂದು ಕೂತೆ. ಆ ಫೋಟೋವನ್ನೇ ರೋಸಾಳಿಗೆ ಕಳಿಸಿದೆ. ಮುದ್ರೆ ಹಿಡಿದ ಇಷ್ಟು ವರ್ಷಗಳಲ್ಲಿ ಹುಳುಕು ಗೊತ್ತಿದ್ದೂ ಪಾಸು ಮಾಡಿದ ಮಾಲು ಅದೊಂದೇ. ಮೀನು ಯಾಕೆ ಹಸಿರಾಗಿದೆ ಎಂದು ಆಕೆ ಕೇಳಿದರೆ ನಮ್ಮ ಕಡೆಯ ಮೀನಿನ ಜಾತಿಯೇ ಹಾಗೆ ಎಂದು ಬರೆಯುವುದೆಂದು ಉತ್ತರವನ್ನೂ ಸಿದ್ಧವಾಗಿಟ್ಟೆ.

ಈಗ ಬಸ್ಸಿನಲ್ಲಿ ನಲವತ್ತು ನಿಮಿಷವೂ ಕನ್ನಡ. ನನ್ನ ಕನ್ನಡ ಎಂದು ತಿಳಿಯಬೇಡಿ. ಇಪ್ಪತ್ತಾರು ವರ್ಷ ಮಡಿಯಲ್ಲಿ ಕಟ್ಟಿಟ್ಟಿದ್ದ ಮಾತು ವಿಮಲಾಬಾಯಿಯವರದು; ಮೂರನೆಯ ಗೇರಿಗೆ ಬಸ್ಸು ಬರುವ ಮೊದಲೇ ಅತ್ತೆ ಬಂದುಬಿಡುತ್ತಾರೆ. ನನ್ನದೂ ಒಂದೆರಡು ಸಂಗತಿ ಇವೆ, ಅಪ್ಪನದು, ಗಣಿತದ್ದು. ಬಾಯಿ ತೆರೆಯುವಷ್ಟರಲ್ಲಿ ಕಾರ್ಖಾನೆಯ ಗೇಟು ಬರುತ್ತದೆ. ಮೊನ್ನೆ ಯಾವುದೋ ಲಹರಿಯಲ್ಲಿ ನಾನು "ಸೀ, ಸೀ" ಎಂದುಬಿಟ್ಟೆ. "ಏನ್ ಸೀ ಬಂತ್ರೀ ಇದರಾಗ? ನಾ ನಮ್ಮತ್ತಿ ಸುದ್ದಿ ಹೇಳಲಿಕ್ಕತ್ತೀನಿ!" ಎಂದು ರೇಗಿದರು. ತಿಂಗಳಲ್ಲಿ ಒಂದು ಭಾನುವಾರ ಬರುತ್ತಾರೆ. ಉಳಿದ ಮೂರು ನನ್ನವೇ. ಅವುಗಳಲ್ಲಿ ಒಂದೊಂದು ದಿನ ಅಮೀರ್‌ಪೇಟೆಗೆ ಹೋಗಿ ಪರದೆಯ ಹಿಂದೆ ಕೂರುತ್ತೇನೆ. ನಾಲ್ಕು ಲೋಟ ನೀರು ಬರುತ್ತದೆ. ಈಗ ಮೂರು ಕುಡಿದು ಒಂದನ್ನು ಬಿಟ್ಟು ಬರುತ್ತೇನೆ.

ಹೊಸವರ್ಷದ ಕಾರ್ಡು ಬಂದಿದೆ. ಹಸಿರು ಮೀನಿನ ಉತ್ತರ ಕೈಯಲ್ಲಿ ಹಿಡಿದೇ ಒಡೆದೆ. ಮೀನಿನ ಬಗ್ಗೆ ಒಂದು ಮಾತೂ ಇಲ್ಲ. ಸೊಸೆ ಬರೆದಿದ್ದಾಳೆ: "ಅತ್ತೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಿಮ್ಮ ಗೆಳತಿಯ ಬಾಯಿ ತೆರೆದಿದೆ, ನಿಮ್ಮದು ಮುಚ್ಚಿದೆ. ನೀವು ಇಲ್ಲಿದ್ದ ಎರಡು ತಿಂಗಳಲ್ಲಿ ಒಮ್ಮೆಯೂ ಅದು ಹಾಗೆ ಮುಚ್ಚಿದ್ದನ್ನು ಕಂಡಿರಲಿಲ್ಲವಂತೆ. ಮೈ ಹುಷಾರಿಲ್ಲವೇ ಎಂದು ಕೇಳುತ್ತಿದ್ದಾರೆ."

ಹುಷಾರಾಗಿದ್ದೇನೆ, ನಿನ್ನ ಕುರ್ಚಿಯಲ್ಲಿ ಕೂತಿದ್ದೇನೆ ಅಷ್ಟೇ ಎಂದು ಬರೆಯಬೇಕು. ಬಸ್ಸಿನಲ್ಲಿ ಬರೆಯೋಣವೆಂದು ನಿನ್ನೆ ಪೆನ್ನು ತೆಗೆದೆ. "ಏನ್ ಬರಿಲಿಕ್ಕತ್ತೀರಿ? ಇರಲಿ, ಮೊದಲ ಇದು ಕೇಳ್ರಿ" ಎಂದರು ವಿಮಲಾಬಾಯಿ. ಪೆನ್ನು ಮುಚ್ಚಿಟ್ಟು ಕೇಳಿದೆ.